ಟೇಪ್ ಒಂದು ಇದ್ದರೆ ಸಾಕಿತ್ತು

ಮನುಷ್ಯನ ಮೈಯಲ್ಲಿ ಐದು ಲೀಟರ್ ರಕ್ತ ಇರುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಯಾವ ಮನುಷ್ಯನ ಮೈಯಲ್ಲಿ ಅಂತ ಯಾರೂ ಕೇಳುವುದಿಲ್ಲ. ಕಲಬುರಗಿಯ ರಕ್ತನಿಧಿಯೊಂದರಲ್ಲಿ ಟೆಕ್ನಿಷಿಯನ್ ಆಗಿರುವ ನನಗೆ ಈ ಐದು ಲೀಟರ್ ಮೇಲೆ ಸ್ವಲ್ಪ ಸಿಟ್ಟೇ ಇದೆ.

ಕ್ಯಾಂಪ್‌ನಲ್ಲಿ ನಾವು ತೂಕ, ಹಿಮೋಗ್ಲೋಬಿನ್, ಬಿಪಿ ನೋಡುತ್ತೇವೆ. 45 ಕೆಜಿ ಇದ್ದರೆ 350 ಎಂಎಲ್ ಬ್ಯಾಗ್. 55 ದಾಟಿದರೆ 450 ಕೂಡ ತೆಗೆಯಬಹುದು. ಎತ್ತರದ ಮಾತೇ ಇಲ್ಲ. ಆದರೆ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ವಾಪಸ್ ಮೈಗೆ ಕಳಿಸುವ ಅಫೆರೆಸಿಸ್ ಮೆಷಿನ್ ಸುಮ್ನೆ ಬಿಡುವುದಿಲ್ಲ. ಗಂಡೋ ಹೆಣ್ಣೋ, ತೂಕ ಎಷ್ಟು, ಎತ್ತರ ಎಷ್ಟು, ಎಲ್ಲ ತುಂಬಿದರೇನೇ ಒಟ್ಟು ರಕ್ತ ಇಷ್ಟು ಅಂತ ಹೇಳುತ್ತದೆ.

ಅದು ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ನಿಜವಾಗಿ ಅಳೆಯುವುದು ದೊಡ್ಡ ಕೆಲಸ. ಕೊಡದಲ್ಲಿ ಎಷ್ಟು ನೀರಿದೆ ಗೊತ್ತಿಲ್ಲ ಅಂದುಕೊಳ್ಳಿ. ಅಳತೆ ಗೊತ್ತಿರುವ ಬಣ್ಣ ಹಾಕಿ ಕಲಕಿ, ಒಂದು ಲೋಟ ತೆಗೆದು ಬಣ್ಣ ಎಷ್ಟು ತೆಳುವಾಗಿದೆ ನೋಡಿದರೆ ನೀರಿನ ಲೆಕ್ಕ ಸಿಗುತ್ತದೆ, ಅಲ್ವಾ? ಹಿಂದೆ ಇವಾನ್ಸ್ ಬ್ಲೂ ಎಂಬ ಬಣ್ಣವನ್ನೇ ರಕ್ತನಾಳಕ್ಕೆ ಚುಚ್ಚುತ್ತಿದ್ದರು. ಆಮೇಲೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿದ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಬಂತು. ಆದರೆ ಆಲ್ಬುಮಿನ್ ರಕ್ತನಾಳದಿಂದ ನಿಧಾನಕ್ಕೆ ಹೊರಗೆ ಸೋರುತ್ತದೆ. ಅದಕ್ಕೇ ಸ್ವಲ್ಪ ಹೊತ್ತಿಗೊಮ್ಮೆ ಸ್ಯಾಂಪಲ್ ತೆಗೆದು, ಗ್ರಾಫ್ ಹಾಕಿ, ಸೋರುವ ಮೊದಲು ಎಷ್ಟಿದ್ದಿರಬೇಕು ಅಂತ ಹಿಂದಕ್ಕೆ ಗೆರೆ ಎಳೆಯುತ್ತಾರೆ. ಇಷ್ಟು ಮಾಡಿದರೂ ಸಿಗುವುದು ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿದ ದ್ರವದ ಲೆಕ್ಕ. ಪಿಸಿವಿ (ರಕ್ತದಲ್ಲಿ ಕೆಂಪುಕಣ ನೂರಕ್ಕೆ ಎಷ್ಟು ಎಂಬ ಅಳತೆ) ನೋಡಿ ಕೆಂಪುಕಣಗಳ ಪಾಲು ಸೇರಿಸಿದ ಮೇಲೆ ಒಟ್ಟು ರಕ್ತ.

ರಕ್ತ ಕೊಡಲು ಬಂದವರಿಗೆ ಇದನ್ನೆಲ್ಲ ಮಾಡೋಕಾಗುತ್ತಾ? 1962ರಲ್ಲಿ ನ್ಯಾಡ್ಲರ್ ಎಂಬ ಸಂಶೋಧಕ ಮತ್ತು ಜೊತೆಯವರು ಕೊಟ್ಟ ಸೂತ್ರ ಇದೆ. ಮೀಟರ್‌ನಲ್ಲಿ ಎತ್ತರದ ಘನವನ್ನು 0.3669ರಿಂದ ಗುಣಿಸಿ. ತೂಕದ ಕೆಜಿಯನ್ನು 0.03219ರಿಂದ ಗುಣಿಸಿ. ಎರಡನ್ನೂ ಕೂಡಿ 0.6041 ಸೇರಿಸಿ. ಗಂಡಸರ ರಕ್ತ ಲೀಟರ್‌ನಲ್ಲಿ ಬಂತು. ಹೆಂಗಸರಿಗೆ ಇದೇ ಕ್ರಮದಲ್ಲಿ 0.3561, 0.03308, 0.1833.

ಇಬ್ಬರು ಹುಡುಗರು, ಇಬ್ಬರೂ 72 ಕೆಜಿ ಅನ್ನಿ. 180 ಸೆಂಟಿಮೀಟರ್ ಇರುವವನಿಗೆ 5.06 ಲೀಟರ್ ಬರುತ್ತದೆ. 160 ಇರುವವನಿಗೆ 4.42. ವ್ಯತ್ಯಾಸವೇ ಒಂದು ದೊಡ್ಡ ಬ್ಯಾಗ್‌ಗಿಂತ ಜಾಸ್ತಿ! ಒಂದೇ ತೂಕದಲ್ಲಿ ಗಿಡ್ಡ ಇರುವವನ ಮೈಯಲ್ಲಿ ಸಾಮಾನ್ಯವಾಗಿ ಕೊಬ್ಬು ಜಾಸ್ತಿ. ಕೊಬ್ಬಿಗೆ ಹರಿಯುವ ರಕ್ತ ಕಡಿಮೆ, ಮಾಂಸಖಂಡಕ್ಕೆ ಜಾಸ್ತಿ. ತಕ್ಕಡಿಗೆ ಎರಡೂ ಒಂದೇ. ಸೂತ್ರವೂ ಪೂರ್ತಿ ಜಾಣ ಅಲ್ಲ ಬಿಡಿ. ದಿನಾ ಓಡುವವರಲ್ಲಿ ರಕ್ತ ಜಾಸ್ತಿ ಇರುತ್ತದೆ, ನಮ್ಮ ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ಬಂದವರಲ್ಲಿ ಪ್ಲಾಸ್ಮಾ ಇಳಿದಿರುತ್ತದೆ. ಇದು ಅದಕ್ಕೆ ಗೊತ್ತಾಗುವುದಿಲ್ಲ.

ಸೇಡಂ ರಸ್ತೆಯ ಕಾಲೇಜೊಂದರ ಕ್ಯಾಂಪ್‌ಗೆ ಮಗಳ ಜೊತೆ ಬಂದಿದ್ದ ತಾಯಿ, "ಸಿಸ್ಟರ್, ಇಷ್ಟ್ ತಗೊಂಡ್ರ ಒಳಗ ಎಷ್ಟ ಉಳೀತದ್ರೀ?" ಅಂದರು. (ಬಿಳಿ ಕೋಟ್ ಹಾಕಿದ ಹೆಂಗಸರೆಲ್ಲ ನಮ್ಮ ಕಡೆ ಸಿಸ್ಟರೇ.) ಹುಡುಗಿ 46 ಕೆಜಿ. ಎತ್ತರ ಕೇಳಿದೆ, 152. ಮೊಬೈಲ್‌ನಲ್ಲಿ ಲೆಕ್ಕ ಹಾಕಿದರೆ 2.96 ಲೀಟರ್. 350 ಎಂಎಲ್ ಅಂದರೆ ಅವಳ ಪಾಲಿಗೆ ಸುಮಾರು ನೂರಕ್ಕೆ 12. ಮೇಲೆ ಹೇಳಿದ 180 ಸೆಂಟಿಮೀಟರ್ ಹುಡುಗನಿಗೆ ಅದೇ ಬ್ಯಾಗ್ ನೂರಕ್ಕೆ 7.

ನಿಯಮದ ಪ್ರಕಾರ ಅವಳು ಕೊಡಬಹುದು. ಡಾಕ್ಟರು ನೋಡಿ ಒಪ್ಪಿದರು, ಕೊಟ್ಟಳು. ಜ್ಯೂಸ್ ಕುಡಿಸಿ, ಬೇರೆಯವರಿಗಿಂತ ಜಾಸ್ತಿ ಹೊತ್ತು ಮಲಗಿಸಿದೆ. ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣಕ್ಕೆ ವಾರಗಟ್ಟಲೆ ಬೇಕು. ಬ್ರಿಟನ್‌ನಲ್ಲಿ 20 ತುಂಬದ ಹುಡುಗಿಯರು ಗಿಡ್ಡ ಅಥವಾ ತೆಳ್ಳಗಿದ್ದರೆ ಈ ಲೆಕ್ಕ ನೋಡುತ್ತಾರೆ, 3.5 ಲೀಟರ್‌ಗಿಂತ ಕಡಿಮೆ ಬಂದರೆ ರಕ್ತ ತೆಗೆಯುವುದಿಲ್ಲ. ನಮ್ಮಲ್ಲಿ ಅದೇ ಗೆರೆ ಹಾಕಿದರೆ ಅರ್ಧ ಕಾಲೇಜು ವಾಪಸ್ ಹೋದೀತು. ಹಾಗಂತ ಲೆಕ್ಕವನ್ನೇ ನೋಡಬಾರದಾ? ಯಾರನ್ನು ಜಾಸ್ತಿ ಹೊತ್ತು ಮಲಗಿಸಬೇಕು ಅಂತಾದರೂ ತಿಳಿಯುತ್ತದೆ.

ಮುಂದಿನ ಕ್ಯಾಂಪ್‌ನ ಸಾಮಾನಿನ ಪಟ್ಟಿಗೆ ಅಳತೆ ಟೇಪ್ ಸೇರಿಸಿದ್ದೇನೆ. "ಇದೇನ್ ಪೊಲೀಸ್ ಭರ್ತಿ ಏನವಾ?" ಅಂತ ಡಾಕ್ಟರು ನಕ್ಕರು. ಸಹಿ ಮಾತ್ರ ಹಾಕಿದರು.