ಭಾವನ ಅಂಗಡಿಗೆ ಮೆನು ಕಟ್ಟಿದ್ದು

ಶಿರಸಿಯಲ್ಲಿ ಕೂತು ವೆಬ್‌ಸೈಟ್ ಮಾಡುವವರಿಗೆ ಎರಡು ಥರದ ಗಿರಾಕಿಗಳು. ಬೆಂಗಳೂರಿನವರು ಎಲ್ಲವನ್ನೂ ಮೇಲ್‌ನಲ್ಲೇ ಮುಗಿಸುತ್ತಾರೆ. ಇನ್ನೊಂದು ಥರ ಅಂದರೆ ನೆಂಟರು. ನೆಂಟರ ಕೆಲಸದಲ್ಲಿ ದುಡ್ಡು ಕಡಿಮೆ, ಊಟ ಜಾಸ್ತಿ. ಕಳೆದ ಮಳೆಗಾಲದಲ್ಲಿ ಕೈಗೆ ಬಂದಿದ್ದು ಈ ಎರಡನೇ ಥರದ್ದು. ಸಂಬಂಧದಲ್ಲಿ ನನಗೆ ಭಾವ ಆಗಬೇಕಾದವನೊಬ್ಬ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಅಡಿಕೆ, ಕಾಳುಮೆಣಸು, ಏಲಕ್ಕಿ, ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ), ಹೀಗೆ. (ನನಗಿಂತ ದೊಡ್ಡವನೇ. ಆದರೆ ಭಾವನಿಗೆ ಬಹುವಚನ ಹಚ್ಚಿದರೆ ಅವನೇ ನಗುತ್ತಾನೆ.)

ಅವನಿಗೆ ಯಾರೋ ಹಿಂದೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಅದರಲ್ಲಿ ಮೆನುವನ್ನು, ಅಂದರೆ ಬೇರೆ ಬೇರೆ ಪುಟಗಳಿಗೆ ಹೋಗುವ ಲಿಂಕುಗಳ ಪಟ್ಟಿಯನ್ನು, ಪ್ರತಿ ಪುಟದಲ್ಲೂ ಬೇರೆ ಬೇರೆಯಾಗಿ ಬರೆದಿದ್ದರು. ಹೊಸ ಸಾಮಾನು ಬಂದಾಗ ಕೆಲವು ಪುಟ ತಿದ್ದಿದ್ದಾರೆ, ಕೆಲವು ಬಿಟ್ಟಿದ್ದಾರೆ. ಮೊದಲ ಪುಟದಲ್ಲಿ ಏಲಕ್ಕಿ ಕಾಣುತ್ತದೆ, ಉಪ್ಪಿನಕಾಯಿ ಪುಟಕ್ಕೆ ಹೋದರೆ ಏಲಕ್ಕಿ ಮಾಯ. ಇದಕ್ಕೆ ಮದ್ದು ಗೊತ್ತಿದ್ದದ್ದೇ. ಮೆನುವನ್ನು ಸರ್ವರ್ ಕಡೆ (ಸೈಟ್ ಇರುವ ಕಂಪ್ಯೂಟರಿನಲ್ಲಿ) ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಕಡೆ ಅರೇಯಾಗಿ, ಅಂದರೆ ಪಟ್ಟಿಯಾಗಿ, ಬರೆದಿಡುವುದು. ಪ್ರತಿ ಸಾಲಿಗೆ ಒಂದು ಹೆಸರು, ಒಂದು ಲಿಂಕ್. ಅದರ ಕೆಳಗೆ ಉಪಮೆನು ಬೇಕಾದರೆ ‘ಮಕ್ಕಳು’ ಅಂತ ಇನ್ನೊಂದು ಅರೇ. ಆ ಮಕ್ಕಳಿಗೂ ಮಕ್ಕಳಿರಬಹುದು. ಇದನ್ನು ಓದಿ ಬ್ರೌಸರಿಗೆ ಅರ್ಥವಾಗುವ ಎಚ್‌ಟಿಎಂಎಲ್ ಪಟ್ಟಿ ಮಾಡಿಕೊಡಲು ಒಂದು ಸಣ್ಣ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಸಾಕು. ಮಕ್ಕಳು ಸಿಕ್ಕಲ್ಲಿ ಅದು ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ.

ಡೇಟಾಬೇಸಿನಲ್ಲಿ ಇಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಇಡಬಹುದು. ಪ್ರತಿ ಸಾಲಿಗೆ ಒಂದು ನಂಬರು, ಅದರ ಪೇರೆಂಟ್ (ಅದು ಯಾವುದರ ಕೆಳಗೆ ಬರುತ್ತದೋ ಆ ಸಾಲು) ನಂಬರು, ಆಮೇಲೆ ಅದನ್ನೆಲ್ಲ ಎಳೆದು ಕವಲು ಕವಲಾದ ಮರ ಕಟ್ಟುವುದು. ಅದರಲ್ಲಿ ಇದಕ್ಕೆ ಅದು ಪೇರೆಂಟ್, ಅದಕ್ಕೆ ಇದು ಪೇರೆಂಟ್ ಅಂತ ಆಗಿಬಿಟ್ಟರೆ ಫಂಕ್ಷನ್ ಸುತ್ತುತ್ತಲೇ ಇರುತ್ತದೆ. ಕೈಯಲ್ಲಿ ಬರೆದ ಅರೇಯಲ್ಲಿ ಆ ಭಯ ಇಲ್ಲ. ಇಷ್ಟು ಸಣ್ಣ ಅಂಗಡಿಗೆ ಡೇಟಾಬೇಸ್ ಮೆನು ಸುಮ್ನೆ ಭಾರ ಅಂತಲೇ ನನ್ನ ಲೆಕ್ಕ.

ಕೋಡ್ ಬೇಗ ಆಯಿತು. ನಿಜವಾದ ಕೆಲಸ ಶುರುವಾಗಿದ್ದು ಯಾರ ಕೆಳಗೆ ಯಾರು ಅಂತ ಕೇಳಿದಾಗ.

ನಾನು ‘ಅಡಿಕೆ’ ಅಂತ ಒಂದು ಸಾಲು ಬರೆದು ತೋರಿಸಿದೆ. ಭಾವ ಕನ್ನಡಕ ಏರಿಸಿ ನೋಡಿದ. “ಅಡಿಕೆ ಅಂದ್ರೆ ಒಂದೇನ ತಮಾ? ಚಾಲಿನೂ ರಾಶಿನೂ ಒಂದೇ ಗೋಣಿಗೆ ತುಂಬ್ತ್ವನ?” ಅಂದವನೇ ಹಳೇ ಬಿಲ್ಲಿನ ಹಿಂಬದಿಗೆ ಬರೆಯಲು ಕೂತ. ಮೊದಲು ಕೆಂಪು, ಬಿಳಿ ಅಂತ ಎರಡು. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು ಕೆಂಪು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದದ್ದು ಚಾಲಿ, ಅಂದರೆ ಬಿಳಿ. ಕೆಂಪಿನ ಕೆಳಗೆ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು. ಬಿಳಿಯ ಕೆಳಗೆ ಹೊಸ ಚಾಲಿ, ಹಳೆ ಚಾಲಿ, ಬಿಳಿಗೋಟು, ಕೋಕಾ. ಬರೆಯುತ್ತಾ ಬರೆಯುತ್ತಾ ಗೆರೆ ಎಳೆದ, ಗೆರೆಗೆ ಕವಲು ಬಿಡಿಸಿದ. ನಾನು ಸ್ಕ್ರೀನಿನಲ್ಲಿ ಬರೆಯಬೇಕಿದ್ದ ಅರೇ ಬಿಲ್ಲಿನ ಹಿಂದೆ ಆಗಲೇ ಸಿದ್ಧವಾಗಿತ್ತು. ಪ್ರೋಗ್ರಾಮಿಂಗ್ ಕಲಿಯದೆಯೇ ಇಷ್ಟು ಚೊಕ್ಕ ಮರ ಬರೆದವರನ್ನು ನಾನು ನೋಡಿಲ್ಲ.

ಆದರೆ ಅದು ವ್ಯಾಪಾರಿಯ ಮರ. ಮುಂಬೈಯಲ್ಲಿ ಕೂತು ಅರ್ಧ ಕಿಲೋ ತರಿಸಿಕೊಳ್ಳುವವರಿಗೆ ತಟ್ಟಿಬೆಟ್ಟೆ ಯಾವುದರ ಕೆಳಗಿದೆ ಅಂತ ಹೊಳೆಯುವುದಿಲ್ಲ. ಮೇಲಾಗಿ ನೋಡುವವರೆಲ್ಲ ಫೋನಿನಲ್ಲಿ. ಕಂಪ್ಯೂಟರಿನಲ್ಲಿ ಮೌಸ್ ಇಟ್ಟರೆ ಉಪಮೆನು ಬಿಚ್ಚಿಕೊಳ್ಳುತ್ತದೆ. ಬೆರಳಿಗೆ ಆ ಸೌಕರ್ಯ ಇಲ್ಲ, ಒತ್ತಲೇಬೇಕು. ಮೂರನೇ ಹಂತಕ್ಕೆ ಹೋಗುವಷ್ಟರಲ್ಲಿ ಜನ ಬಿಟ್ಟು ಹೋಗುತ್ತಾರೆ. ಭಾವನೇ ತನ್ನ ಫೋನಿನಲ್ಲಿ ಒತ್ತಿ ನೋಡಿ “ಬೆಟ್ಟೆ ಕಾಣ್ತಿಲ್ಲೆ” ಅಂದ. ಮರ ಕಡಿಯಲು ಅವನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಹಾಗಾಗಿ ಅರೇಯನ್ನು ಪೂರ್ತಿ ಇಟ್ಟುಕೊಂಡು, ಎಷ್ಟು ಆಳಕ್ಕೆ ಇಳಿಯಬೇಕು ಅಂತ ಫಂಕ್ಷನ್ನಿಗೆ ಒಂದು ಅಂಕಿ ಕೊಟ್ಟೆ. ಮೇಲಿನ ಮೆನುಗೆ ಎರಡು. ಅಡಿಕೆ ಪುಟದ ಒಳಗೆ ಅದೇ ಫಂಕ್ಷನ್, ಅದೇ ಅರೇ, ಆದರೆ ಪೂರ್ತಿ ಆಳ.

ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ ಸಿಕ್ಕಿತಲ್ಲ, ಅದಕ್ಕೊಂದು ಪ್ರತ್ಯೇಕ ಮೆನು ಬೇಕು ಅಂತ ಭಾವನ ಆಸೆ. ಜಿಐ ಅನ್ನುವುದು ಅಡಿಕೆಯ ಒಂದು ಜಾತಿಯಲ್ಲ, ಅಡಿಕೆಗೆ ಸಿಕ್ಕ ಮಾನ್ಯತೆ. ಅದರ ಜಾಗ ಪುಟದ ಒಳಗೆ. ಅರ್ಧ ಮನಸ್ಸಿನಿಂದ ಒಪ್ಪಿದ.

ಇಂಥ ಕೆಲಸ ಮಾಡುವವರಿಗೆ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಪಿಎಚ್‌ಪಿಯಲ್ಲಿ ಅರೇ_ವಾಕ್_ರಿಕರ್ಸಿವ್ ಅಂತ ಒಂದು ಸಿದ್ಧ ಫಂಕ್ಷನ್ ಇದೆ. ಹೆಸರು ಕೇಳಿದರೆ ಮೆನುಗೆಂದೇ ಹುಟ್ಟಿದ ಹಾಗಿದೆ. ಆದರೆ ಅದು ತುದಿಯ ಬೆಲೆಗಳನ್ನು ಮಾತ್ರ ಕೈಗೆ ಕೊಡುತ್ತದೆ. ಒಳಗೆ ಅರೇ ಇರುವ ಕೀಯನ್ನು (ಅರೇಯಲ್ಲಿ ಒಂದೊಂದು ಸಾಲನ್ನು ಗುರುತಿಸುವ ಹೆಸರು) ತೋರಿಸುವುದೇ ಇಲ್ಲ. ಯಾವುದು ಯಾರ ಮಗು ಅಂತ ಗೊತ್ತಾಗದ ಮೇಲೆ ಮೆನು ಹೇಗೆ ಕಟ್ಟುವುದು? ಸ್ವಂತ ಫಂಕ್ಷನ್ನೇ ಬರೆದುಕೊಳ್ಳಿ. ಅದರಲ್ಲೂ ಸಿಕ್ಕಸಿಕ್ಕಲ್ಲಿ ಎಕೋ ಮಾಡಬೇಡಿ, ಅಂದರೆ ಸಾಲನ್ನು ಆಗಿಂದಾಗಲೇ ಪುಟಕ್ಕೆ ಬರೆದುಬಿಡಬೇಡಿ. ಓದುಗ ಚಾಲಿ ಪುಟದಲ್ಲಿದ್ದರೆ ಮೇಲಿನ ‘ಅಡಿಕೆ’ಯೂ ಬಣ್ಣ ಬದಲಿಸಬೇಕು ಅಲ್ವಾ? ಒಳಗೆ ಯಾರಿದ್ದಾರೆ ಅಂತ ತಿಳಿಯದೆ ಹೊರಗಿನ ಸಾಲು ಬರೆಯಲಾಗುವುದಿಲ್ಲ. ಮಕ್ಕಳ ಪಟ್ಟಿಯನ್ನು ಮೊದಲು ಕಟ್ಟಿ ಕೈಯಲ್ಲಿ ಹಿಡಿದುಕೊಂಡು, ಆಮೇಲೆ ತಾಯಿಯ ಸಾಲು ಬರೆಯಬೇಕು.

ಇನ್ನು ವಿಳಾಸ. ಹೆಸರು ಕನ್ನಡದಲ್ಲಿದ್ದರೆ ಲಿಂಕೂ ಕನ್ನಡದಲ್ಲೇ ಇರಲಿ ಅನ್ನಿಸುವುದು ಸಹಜ. ‘ಅಡಿಕೆ’ಯಲ್ಲಿ ಗುಣಿತ ಚಿಹ್ನೆಗಳೂ ಸೇರಿ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ನಂಬರು ಕೊಡುವ ಪದ್ಧತಿ) ಲೆಕ್ಕದಲ್ಲಿ ಐದು ಅಕ್ಷರ. ಒಂದೊಂದಕ್ಕೆ ಮೂರು ಬೈಟು, ಲಿಂಕಿನಲ್ಲಿ ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಲಿಂಕ್ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಆ ಪುಟ್ಟ ‘ಅಡಿಕೆ’ 45 ಅಕ್ಷರದ ಉದ್ದದ ಬಾಲ ಆಗಿ ಬರುವುದುಂಟು. ಭಾವನ ವ್ಯಾಪಾರ ಅರ್ಧ ವಾಟ್ಸಾಪಿನಲ್ಲೇ ನಡೆಯುತ್ತದೆ. ಹೆಸರಿಗೆ ಕನ್ನಡ, ವಿಳಾಸಕ್ಕೆ ಇಂಗ್ಲಿಷ್ ಅಕ್ಷರ ಅಂತ ತೀರ್ಮಾನ ಮಾಡಿದೆವು.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಮುರುಗಲು. ಅದರ ಶರಬತ್ತು ‘ಪಾನೀಯ’ದ ಕೆಳಗೂ ಬೇಕು, ‘ಕಾಡಿನ ಉತ್ಪನ್ನ’ದ ಕೆಳಗೂ ಬೇಕು. ಅರೇ ಒಳಗಿನ ಅರೇಯಲ್ಲಿ ಒಂದು ಸಾಮಾನಿಗೆ ಒಂದೇ ಜಾಗ. ಎರಡು ಕಡೆ ಬೇಕಾದರೆ ಎರಡು ಸಲ ಬರೆಯಬೇಕು. ಬರೆದರೆ ಹಳೇ ಕಾಯಿಲೆಯೇ ವಾಪಸ್: ಒಂದು ಕಡೆ ಹೆಸರು ತಿದ್ದಿದರು, ಇನ್ನೊಂದು ಕಡೆ ಮರೆತರು. “ಹಂಗಾದ್ರೆ ಮುರುಗಲು ಎರಡು ಮನೆ ಅಳಿಯ ಹೇಳಿ ಆತು” ಅಂತ ಭಾವ ನಕ್ಕ. ಅಳಿಯನನ್ನು ಸಂಭಾಳಿಸಲು ಫೈಲನ್ನೇ ಎರಡು ಭಾಗ ಮಾಡಿದೆ. ಒಂದರಲ್ಲಿ ಸಾಮಾನುಗಳ ಪಟ್ಟಿ: ಐಡಿ, ಹೆಸರು, ಲಿಂಕ್, ಅಷ್ಟೇ. ಇನ್ನೊಂದರಲ್ಲಿ ಮರ, ಆದರೆ ಮರದಲ್ಲಿ ಬರೀ ಐಡಿಗಳು. ಮುರುಗಲಿನ ಐಡಿ ಎರಡು ಕೊಂಬೆಯಲ್ಲಿ ಇರಬಹುದು, ಹೆಸರು ಮತ್ತು ವಿಳಾಸ ಮಾತ್ರ ಒಂದೇ ಕಡೆ. ಪುಟದ ಮೇಲ್ಗಡೆ ‘ಮುಖಪುಟ, ಪಾನೀಯ, ಮುರುಗಲು’ ಅಂತ ದಾರಿ ತೋರಿಸುತ್ತಾರಲ್ಲ, ಅಲ್ಲಿ ಯಾವ ದಾರಿ ಹಾಕಬೇಕು ಅಂತ ಪ್ರಶ್ನೆ ಬಂತು. ಸಾಮಾನಿನ ಸಾಲಿಗೆ ‘ಮುಖ್ಯ ಜಾಗ’ ಅಂತ ಇನ್ನೊಂದು ಕಾಲಂ ಸೇರಿತು. ಶರಬತ್ತಿಗೆ ಪಾನೀಯವೇ ಮುಖ್ಯ.

ಸೈಟ್ ಶುರುವಾದ ಮೇಲೆ ಭಾವನ ಮಗ, ಕಾಲೇಜು ಹುಡುಗ, ಹೊಸ ಸಾಮಾನು ತಾನೇ ಸೇರಿಸುತ್ತೇನೆ ಅಂದ. ಸೂಜಿಮೆಣಸು ಸೇರಿಸಿದ. ಮರುದಿನ ಬೆಳಿಗ್ಗೆ ಭಾವನ ಫೋನು: “ಕಾಳುಮೆಣಸು ಎಲ್ಲಿ ಹೋತು?” ಸಾಮಾನಿನ ಪಟ್ಟಿಯಲ್ಲಿ ಐಡಿಯೇ ಕೀ. ಹುಡುಗ ಸೂಜಿಮೆಣಸಿಗೆ ‘ಮೆಣಸು’ ಅಂತ ಕೀ ಕೊಟ್ಟಿದ್ದ. ಕಾಳುಮೆಣಸಿಗೆ ಆಗಲೇ ಅದೇ ಕೀ ಇತ್ತು. ಪಿಎಚ್‌ಪಿ ಒಂದೇ ಅರೇಯಲ್ಲಿ ಒಂದೇ ಕೀ ಎರಡು ಸಲ ಬಂದರೆ ಗದ್ದಲ ಮಾಡುವುದಿಲ್ಲ. ಹಿಂದಿನದನ್ನು ಅಳಿಸಿ ಹೊಸದನ್ನು ಅಲ್ಲೇ ಕೂರಿಸುತ್ತದೆ. ಸೂಜಿಮೆಣಸು ಪಟ್ಟಿಯ ಕೊನೆಗೂ ಬಂದಿರಲಿಲ್ಲ, ಸೀದಾ ಕಾಳುಮೆಣಸಿನ ಜಾಗದಲ್ಲೇ ಕೂತಿತ್ತು. ಮಸಾಲೆಯ ಸಾಲಿನಲ್ಲಿ ಮೊದಲನೆಯದಾಗಿ! ಹುಡುಗನದ್ದು ತಪ್ಪೇನಲ್ಲ, ಹೆಸರಿನಲ್ಲೇ ಮೆಣಸು ಇದೆ. ಆಮೇಲೆ ಚೆಕ್ ಮಾಡೋಣ ಅಂದರೂ ಆಗುವುದಿಲ್ಲ, ಯಾಕೆಂದರೆ ಕೋಡ್ ಓಡುವ ಹೊತ್ತಿಗೆ ಅರೇಯಲ್ಲಿ ಒಂದೇ ಮೆಣಸು ಉಳಿದಿರುತ್ತದೆ. ಸಾಮಾನಿನ ಪಟ್ಟಿಯಿಂದ ಕೀಗಳನ್ನೇ ತೆಗೆದು, ಐಡಿಯನ್ನು ಸಾಲಿನ ಒಳಗೆ ಇಟ್ಟೆ. ಓದುವಾಗ ಒಂದು ಲೂಪ್, ಅದೇ ಐಡಿ ಮತ್ತೆ ಕಂಡರೆ ಎರಡೂ ಹೆಸರು ಹೇಳಿ ನಿಲ್ಲುತ್ತದೆ. ಆಮೇಲೆ ಹುಡುಗ ತುಡುವೆ ಜೇನು, ಮಿಸರಿ ಜೇನು ಎರಡನ್ನೂ ನನ್ನನ್ನು ಕೇಳದೆ ಸೇರಿಸಿದ್ದಾನೆ.

ಕೊನೆಗೆ ಉಳಿದಿದ್ದು ‘ಸಂಪರ್ಕಿಸಿ’. ಫಾರ್ಮ್ ಇರುವ ಪುಟ ಮಾಡುತ್ತೇನೆ ಅಂದೆ, ಭಾವ ಬೇಡ ಅಂದ. ಅದನ್ನು ತುಂಬುವವರು ಯಾರು, ಬಂದ ಮೇಲ್ ಓದುವವರು ಯಾರು? ಲಿಂಕಿನ ಜಾಗದಲ್ಲಿ ಪುಟದ ವಿಳಾಸವೇ ಇರಬೇಕು ಅಂತ ಏನಿಲ್ಲ, ಫೋನ್ ನಂಬರನ್ನೂ ಲಿಂಕ್ ಮಾಡಬಹುದು. ಹಾಗೇ ಮಾಡಿದೆ. ಈಗ ಮೆನುವಿನ ಕೊನೆಯ ಸಾಲು ಒತ್ತಿದರೆ ಅಂಗಡಿಗೆ ಫೋನ್ ಹೋಗುತ್ತದೆ. ಮಧ್ಯಾಹ್ನ ಒಂದೂವರೆಯಿಂದ ಮೂರರ ತನಕ ಮಾತ್ರ ಒತ್ತಬೇಡಿ, ಭಾವ ಉಂಡು ಮಲಗಿರುತ್ತಾನೆ.