ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್

ಈ ವಾರ ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಯೊಂದರ ಮುಂದೆ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ವ್ಯಾನಿನಲ್ಲಿ ಜ್ಯೂಸ್ ಮಾರುವ ಹೆಣ್ಣುಮಗಳು, "ಲೈಟು, ಫ್ರಿಜ್ಜು ಹಾಕ್ಕೊಂಡು ನಿಂತ್ರೆ ರಾತ್ರಿ ಗಾಡಿ ಸ್ಟಾರ್ಟೇ ಆಗಲ್ಲ ಅಣ್ಣ" ಅಂದರು. ಫಿಟ್ಟರ್ ಹುಡುಗ ಹೇಳಿದ: "ಇನ್ನೊಂದು ಬ್ಯಾಟರಿ ಕೂರಿಸೋಣ ಅಕ್ಕ. ಎರಡೂ ಹನ್ನೆರಡು ವೋಲ್ಟೇ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಮುಗೀತು."

ಆ ಹುಡುಗ ಒಳ್ಳೆಯ ಕೆಲಸಗಾರ. ವೈರಿನ ತುದಿಗೆ ಲಗ್ ಒತ್ತುವ ಅಚ್ಚುಕಟ್ಟು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಮೀಟರ್ ಇಟ್ಟು ನೋಡುವಷ್ಟು ಪುರುಸೊತ್ತನ್ನು ಅವನಿಗೆ ಯಾರೂ ಕೊಟ್ಟಿಲ್ಲ, ಇಂಥ ಅಂಗಡಿಗಳಲ್ಲಿ ಕೊಡುವುದೂ ಇಲ್ಲ.

ಪ್ಲಸ್ಸಿಗೆ ಪ್ಲಸ್ ಕೊಟ್ಟರೆ ಮೊದಮೊದಲು ಚೆನ್ನಾಗೇ ನಡೆಯುತ್ತದೆ, ಅಪಾಯ ಇರುವುದೇ ಅಲ್ಲಿ. ಫ್ರಿಜ್ಜಿಗೆ 4 ಆಂಪ್, ಲೈಟಿಗೆ 2 ಆಂಪ್ ಅಂದರೆ ನಾಲ್ಕು ಗಂಟೆಗೆ 24 ಆಂಪಿಯರ್-ಅವರ್ (ಬ್ಯಾಟರಿಯ ಚಾರ್ಜನ್ನು ಅಳೆಯುವ ಲೆಕ್ಕ). ಗಾಡಿಯ 35ರ ಬ್ಯಾಟರಿಯ ಜೊತೆ 60ರದ್ದು ಸೇರಿದಾಗ ಇದು ದೊಡ್ಡ ಹೊರೆಯಲ್ಲ. ಆದರೆ ಖಾಲಿಯಾದ 24 ವಾಪಸ್ ತುಂಬಬೇಕಲ್ಲ! ಟ್ರಾಫಿಕ್ಕಿನಲ್ಲಿ ಎಂಜಿನ್ ಐಡಲ್‌ನಲ್ಲೇ ಇರುತ್ತದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಪೂರ್ತಿ ಕರೆಂಟ್ ಕೊಡುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿ ಮುಕ್ಕಾಲು ತುಂಬಿದ ಮೇಲೆ ಚಾರ್ಜ್ ತೆಗೆದುಕೊಳ್ಳುವುದೂ ನಿಧಾನ. ದಿನಾ ಸ್ವಲ್ಪ ಸ್ವಲ್ಪ ಸಾಲ ಉಳಿದು, ಒಂದು ರಾತ್ರಿ ಎರಡೂ ಒಟ್ಟಿಗೆ ಕೈಕೊಡುತ್ತವೆ. ಒಂದರೊಳಗಿನ ಆರು ಸೆಲ್‌ಗಳಲ್ಲಿ ಒಂದು ಸತ್ತರಂತೂ ಆ ಬ್ಯಾಟರಿ 12.6ರಿಂದ 10.5 ವೋಲ್ಟಿಗೆ ಕುಸಿದು, ಚೆನ್ನಾಗಿರುವ ಬ್ಯಾಟರಿಯನ್ನೂ ಹೀರಿಬಿಡುತ್ತದೆ.

"ಎರಡೂ ಹನ್ನೆರಡು ವೋಲ್ಟೇ." ವೋಲ್ಟ್ ಒಂದೇ, ಮಾಡುವ ಕೆಲಸ ಒಂದಲ್ಲ. ಸ್ಟಾರ್ಟಿಂಗ್ ಬ್ಯಾಟರಿಯ ಪ್ಲೇಟುಗಳು ತೆಳು. ಕೆಲವು ಸೆಕೆಂಡು ನೂರಾರು ಆಂಪ್ ಕೊಡುವುದಕ್ಕೆ ಅವು ಸರಿ, ದಿನಾ ಅರ್ಧ ಖಾಲಿಯಾಗುವುದನ್ನು ತಾಳಿಕೊಳ್ಳುವುದಿಲ್ಲ. ಫ್ರಿಜ್ಜಿಗೆ ದಪ್ಪ ಪ್ಲೇಟಿನ, ಹಾಗೆ ಖಾಲಿಯಾಗಿ ತುಂಬುವುದಕ್ಕೇ ಮಾಡಿದ ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ವ್ಯಾನಿನ ಒಳಗೆ ಕೂರಿಸುವುದಾದರೆ ನೀರು ಹಾಕಬೇಕಿಲ್ಲದ, ಸೀಲ್ ಮಾಡಿದ ಎಜಿಎಂ ಬ್ಯಾಟರಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹತ್ತಬಲ್ಲ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ.

ಗಾಡಿಯ ಬ್ಯಾಟರಿಗೂ ಈ ಎರಡನೆಯದಕ್ಕೂ ಮಧ್ಯೆ ಇರಬೇಕಾದದ್ದು ವೋಲ್ಟೇಜ್ ನೋಡಿ ತಾನೇ ಕೆಲಸ ಮಾಡುವ ಸ್ವಿಚ್, ಅಂದರೆ ರಿಲೇ. ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡನ್ನೂ ಕೂಡಿಸುತ್ತದೆ, ಎಂಜಿನ್ ನಿಂತು 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಬಿಎಸ್6 ಹೊಗೆ ನಿಯಮದ ಹೊಸ ಗಾಡಿಗಳಲ್ಲಿ ಹಲವು, ಆಲ್ಟರ್ನೇಟರಿನ ವೋಲ್ಟೇಜನ್ನು ತಾವೇ ಇಳಿಸುತ್ತವೆ, ಅಂಥ ಕಡೆ ಈ ರಿಲೇ ಬೇಕೆಂದಾಗ ಕೂಡುವುದೇ ಇಲ್ಲ. ಅಲ್ಲಿ ಬಂದ ವೋಲ್ಟೇಜನ್ನು ಎರಡನೆಯ ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿ, ಕೀ ತಿರುಗಿಸಿದಾಗ ಕರೆಂಟ್ ಬರುವ ಇಗ್ನಿಷನ್ ವೈರಿನಿಂದ ಸಿಗ್ನಲ್ ಕೊಡಬೇಕು. ಲಿಥಿಯಂ ಹಾಕುವುದಾದರೂ ಇದೇ ದಾರಿ. ಇಲ್ಲದಿದ್ದರೆ ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಸುಡಬಹುದು.

ವೈರಿನಲ್ಲಿ ಜಿಪುಣತನ ಬೇಡ. ಹಿಂದಿನ ಬ್ಯಾಟರಿಗೆ ಐದು ಮೀಟರ್ ದೂರ, 30 ಆಂಪ್ ಕರೆಂಟ್ ಅಂದುಕೊಳ್ಳಿ. 6 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವಷ್ಟರಲ್ಲಿ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ, 25ರಲ್ಲಿ 0.2 ಮಾತ್ರ. ಆ 0.9 ಕಳೆದರೆ ಬ್ಯಾಟರಿ ತುಂಬುವುದು ಬಹಳ ನಿಧಾನವಾಗುತ್ತದೆ. ಪ್ಲಸ್ ವೈರಿನ ಎರಡೂ ತುದಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಮಧ್ಯದಲ್ಲಿ ವೈರು ಗಾಡಿಯ ಲೋಹದ ಮೈಗೆ ತಗುಲಿದರೆ ಎರಡೂ ಬ್ಯಾಟರಿಯಿಂದ ಕರೆಂಟ್ ನುಗ್ಗಿ ಬೆಂಕಿ ಹತ್ತಬಹುದು. ಜನ ಒಂದೇ ತುದಿಗೆ ಹಾಕಿ ನಿಶ್ಚಿಂತೆಯಾಗುತ್ತಾರೆ, ಅದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಇದ್ದರೂ ಊರೊಳಗೇ ಓಡುವ ವ್ಯಾನಿಗೆ ರಾತ್ರಿ ಮನೆಯಲ್ಲಿ ಪ್ಲಗ್ಗಿಗೆ ಹಾಕುವ ಚಾರ್ಜರ್ ಬೇಕೇ ಬೇಕು. ಇದನ್ನು ಆ ಅಕ್ಕನಿಗೆ ಯಾರೂ ಹೇಳಲಿಲ್ಲ.

ದುಡ್ಡು ಕೊಡುವ ಮುಂಚೆ ಎಂಜಿನ್ ಆಫ್ ಮಾಡಿಸಿ, ಫ್ರಿಜ್ಜು ಹಾಕಿ ಅರ್ಧ ಗಂಟೆ ಬಿಡಿ. ಮೀಟರಿನಲ್ಲಿ ಎರಡೂ ಬ್ಯಾಟರಿ ಬೇರೆ ಬೇರೆ ವೋಲ್ಟೇಜ್ ತೋರಿಸಬೇಕು. ಎರಡೂ ಒಂದೇ ಸಮ ಇಳಿಯುತ್ತಿದ್ದರೆ ರಿಲೇ ಬಿಟ್ಟಿಲ್ಲ. ಆಮೇಲೆ ಸ್ಟಾರ್ಟ್ ಮಾಡಿ. ಕೆಲವು ನಿಮಿಷದಲ್ಲಿ ಎರಡನೆಯದು ಏರತೊಡಗಬೇಕು. ಏರದಿದ್ದರೆ ರಿಲೇಯ ಅರ್ತ್ ವೈರು ನೋಡಿ. ಬೋಲ್ಟಿನ ಕೆಳಗೆ ಪೇಂಟ್ ಕೆರೆಯದೇ ಬಿಟ್ಟಿರುತ್ತಾರೆ.