ಎಣ್ಣಿ ಎಷ್ಟು ಹಾಕ್ತೀರಿ ಅಕ್ಕಾರ?

ನಾನು ಶೇಂಗಾ ಬೆಣ್ಣೆಯನ್ನು, ಅದೇ ಪೀನಟ್ ಬಟರ್ ಅನ್ನು, ಮನೆಯಲ್ಲೇ ಮಾಡುತ್ತೇನೆ ಅಂತ ಗೊತ್ತಾದಾಗಿನಿಂದ ಕೊಪ್ಪಳದ ನಮ್ಮ ಓಣಿಯಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಒಂದು ಹನಿಯೂ ಹಾಕುವುದಿಲ್ಲ ಅಂದರೆ ನಂಬುವುದಿಲ್ಲ. ಏನೋ ಗುಟ್ಟು ಮುಚ್ಚಿಡುತ್ತಿದ್ದಾಳೆ ಅನ್ನುವ ಹಾಗೆ ನೋಡುತ್ತಾರೆ.

ಶೇಂಗಾ ಹೋಳಿಗೆ ಮಾಡಿದವರಿಗೆಲ್ಲ ಇದರ ಉತ್ತರ ಗೊತ್ತೇ ಇದೆ. ಎಳ್ಳಮವಾಸ್ಯೆಗೆ ಹೂರಣಕ್ಕೆಂದು ಹುರಿದ ಶೇಂಗಾ ಮಿಕ್ಸಿಗೆ ಹಾಕಿದರೆ ಸಾಕು, ಅವ್ವ ಹಿಂದಿನಿಂದ ಕೂಗುತ್ತಿದ್ದಳು: “ಸಾಕ್ ಮಾಡ ಯವ್ವಾ, ಎಣ್ಣಿ ಬಿಡತೈತಿ!” ಹೂರಣಕ್ಕಾಗಲಿ ಹಿಂಡಿಗಾಗಲಿ ಪುಡಿ ಉದುರುದುರಾಗಿಯೇ ಇರಬೇಕು. (ನಮ್ಮ ಕಡೆ ಚಟ್ನಿಪುಡಿಯೂ ಹಿಂಡಿಯೇ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ದನಕ್ಕೆ ಹಾಕುವುದೂ ಹಿಂಡಿಯೇ.) ಮುದ್ದೆಯಾದರೆ ಕೆಟ್ಟಿತು ಅಂತ ಲೆಕ್ಕ. ಆ ಕೆಟ್ಟ ಮುದ್ದೆಯನ್ನು ನಿಲ್ಲಿಸದೆ ತಿರುವಿದರೆ ಬರುವುದೇ ಬೆಣ್ಣೆ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುವಾಗ ಮತ್ತೆ ಹೊರಗಿನಿಂದ ಯಾಕೆ?

ಅರ್ಧ ಕಿಲೋ ಶೇಂಗಾ ಆರಿಸಿಕೊಳ್ಳಿ. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಕಂಡರೆ ಕನಿಕರ ಬೇಡ, ಎಸೆಯಿರಿ. ಅದರಲ್ಲಿರಬಹುದಾದ ಆಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಕಾಲು ಗಂಟೆ ಹುರಿದು, ಬಟ್ಟೆಯಲ್ಲಿ ತಿಕ್ಕಿ, ಮರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಪೂರ್ತಿ ಆರಲು ಬಿಡಬೇಡಿ. ಬಿಸಿಯಲ್ಲಿ ಎಣ್ಣೆ ತೆಳ್ಳಗಿರುತ್ತದೆ, ಬೇಗ ಬಿಡುತ್ತದೆ. 1884ರಲ್ಲಿ ಶೇಂಗಾ ಪೇಸ್ಟಿಗೆ ಅಮೆರಿಕದ ಪೇಟೆಂಟ್ ಪಡೆದ ಕೆನಡಾದ ಮಾರ್ಸೆಲಸ್ ಎಡ್ಸನ್ ಕೂಡ ಕಾಳನ್ನು ಕಾಯಿಸಿದ ತಟ್ಟೆಗಳ ನಡುವೆಯೇ ಅರೆಯಬೇಕು ಅಂದಿದ್ದ.

ಜಾರು ಅರ್ಧ ತುಂಬಿದ್ದರೆ ಸಾಕು. ಮೊದಲು ಪುಡಿ. ಆಮೇಲೆ ಅದು ಜಾರಿನ ಗೋಡೆಗೆ ಅಂಟಿ ಕೂರುತ್ತದೆ, ಬ್ಲೇಡು ಬರಿದೇ ತಿರುಗುತ್ತದೆ. ಎಲ್ಲರೂ ಸೋಲುವುದು ಇಲ್ಲೇ. ಒಬ್ಬರು ಎಣ್ಣೆ ಸುರಿಯುತ್ತಾರೆ, ಇನ್ನೊಬ್ಬರು ಚಟ್ನಿಗೆ ಹಾಕಿದ ಹಾಗೆ ನೀರು. ಎಣ್ಣೆ ಹಾಕಿದರೆ ಹಾಳೇನೂ ಆಗುವುದಿಲ್ಲ, ಜಿಡ್ಡಾಗುತ್ತದೆ ಅಷ್ಟೇ. ನೀರು ಬಿದ್ದರೆ ಮಾತ್ರ ಶೇಂಗಾದ ಹಿಟ್ಟೆಲ್ಲ ಅದನ್ನು ಹೀರಿ ಗಟ್ಟಿಮುದ್ದೆಯಾಗುತ್ತದೆ, ಬೇಗ ಕೆಡುತ್ತದೆ ಕೂಡ. ಹಸಿ ಬೆಲ್ಲ, ಜೇನುತುಪ್ಪದ್ದೂ ಇದೇ ಕಥೆ. ಸಿಹಿ ಬೇಕಾದರೆ ತಿನ್ನುವಾಗ ಹಾಕಿಕೊಳ್ಳಿ. ಚಮಚದಿಂದ ಕೆರೆದು ಕೆಳಗಿಳಿಸಿ, ಅರ್ಧ ನಿಮಿಷ ತಿರುವಿ, ಒಂದೆರಡು ನಿಮಿಷ ಬಿಡಿ, ಮತ್ತೆ ತಿರುವಿ. ಐದಾರು ಸರದಿಯಲ್ಲಿ ಮುದ್ದೆ ಹೊಳೆಯತೊಡಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಡಿಲಾಗಿ ಹರಿಯುತ್ತದೆ. ಉಪ್ಪು ಆಗ ಹಾಕಿ.

ಬಿಡುವು ಕೊಡಿ ಅಂದದ್ದು ಮಿಕ್ಸಿಗೋಸ್ಕರ. ಮೊದಲ ಸಲ ನಾನು ಒಂದೇ ಸಮನೆ ಓಡಿಸಿ, ಅದು ಸುಟ್ಟ ವಾಸನೆ ಹೊಡೆದು ನಿಂತುಬಿಟ್ಟಿತ್ತು. ಹೊಸ ಮಿಕ್ಸಿಗೆ ದುಡ್ಡು ಹೊಂದಿಸಬೇಕಲ್ಲ ಅಂತ ಕೂತಿದ್ದೆ. ಅಡಿಯಲ್ಲೊಂದು ಕೆಂಪು ಗುಂಡಿ ಇರುತ್ತದೆ, ಮೋಟಾರು ಆರಿದ ಮೇಲೆ ಅದನ್ನು ಒತ್ತಿದರೆ ಸಾಕು ಅಂತ ಹೇಳಿದವನು ಆರನೇ ಇಯತ್ತೆಯ ನನ್ನ ಮಗ.

ನಮ್ಮ ಏಪ್ರಿಲ್ ಬಿಸಿಲಿಗೆ ಎರಡೇ ದಿನದಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡಿ, ಕಲಸಿ. ಅಂಗಡಿ ಬಾಟಲಿಗಳಲ್ಲಿ ಹಾಗೆ ತೇಲದಿರಲೆಂದೇ ಗಟ್ಟಿಯಾಗಿ ನಿಲ್ಲುವ ಬೇರೆ ಕೊಬ್ಬನ್ನು ಬೆರೆಸಿರುತ್ತಾರೆ, ಲೇಬಲ್ ಓದಿ ನೋಡಿ. ಬೇಸಿಗೆಯಲ್ಲಿ ನಾನು ಫ್ರಿಜ್ಜಿನಲ್ಲಿಡುತ್ತೇನೆ.

ಬಾದಾಮಿಯದು ಮಾಡಬಹುದಾ? ಮಾಡಬಹುದು, ಎರಡರಷ್ಟು ಹೊತ್ತು ಬೇಕು, ರೊಕ್ಕ ಅದಕ್ಕಿಂತ ಹೆಚ್ಚು. ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಗೆ ಶೇಂಗಾದ್ದೇ. ಅವ್ವನೂ ಮೇಲೊಂದಿಷ್ಟು ಬೆಲ್ಲದ ಪುಡಿ ಉದುರಿಸಿಕೊಂಡು ತಿನ್ನುತ್ತಾಳೆ, ಆದರೆ ಬೆಣ್ಣೆ ಅನ್ನುವುದಿಲ್ಲ: “ಆ ಕೆಟ್ಟ ಹೂರಣ ಇನ್ನೊಂದೀಟು ಹಾಕ ಯವ್ವಾ.”